ಓಣಿ ತೋಟಕ್ಕೆ ಅನುದಾನ: ದಾವಣಗೆರೆಯ ಸಂಘಗಳಿಗೆ ಹಂತ ಹಂತದ ಮಾರ್ಗದರ್ಶಿ

"ನಮ್ಮ ಓಣಿಯಲ್ಲಿ ಖಾಲಿ ಜಾಗ ಇದೆ. ಸೊಪ್ಪು, ತರಕಾರಿ ಬೆಳೆದು ಬಡವರ ಮನೆಗೆ ಕೊಡುತ್ತೇವೆ. ದಯವಿಟ್ಟು ಅನುದಾನ ಮಂಜೂರು ಮಾಡಿ." ಹೀಗೆ ಬರೆದ ಅರ್ಜಿಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಒಂದನ್ನು ನಾನೇ ಬರೆದಿದ್ದೆ. ನಾಲ್ಕು ತಿಂಗಳ ಮೇಲೆ ಒಂದೇ ಸಾಲಿನ ಉತ್ತರ ಬಂತು: "ಸದರಿ ಉದ್ದೇಶಕ್ಕೆ ಲೆಕ್ಕ ಶೀರ್ಷಿಕೆ ಇರುವುದಿಲ್ಲ."

ಆ ಸಾಲನ್ನು ಓದಿ ಎಲ್ಲರೂ ಸಿಟ್ಟಾಗುತ್ತಾರೆ. ಆದರೆ ಅದರಲ್ಲೇ ದಾರಿಯೂ ಇದೆ. ಕಚೇರಿಯ ಲೆಕ್ಕದಲ್ಲಿ "ನಗರದ ಸಾಮೂಹಿಕ ತೋಟ" ಅಂತ ಒಂದು ಬಾಬ್ತು ಸಾಮಾನ್ಯವಾಗಿ ಇರುವುದಿಲ್ಲ. ಬೇಲಿಗೆ ಇದೆ, ನೀರಿಗೆ ಇದೆ, ಸಂಘಕ್ಕೆ ಇದೆ, ಶಾಲೆಯ ಕೈತೋಟಕ್ಕೆ ಇದೆ, ಹಪ್ಪಳ ಮಾಡುವ ಮಷೀನಿಗೂ ಇದೆ. ತೋಟವನ್ನು ಇಡಿಯಾಗಿ ಕೇಳಿದರೆ ಸಿಗುವುದಿಲ್ಲ, ತುಂಡು ತುಂಡಾಗಿ ಕೇಳಿದರೆ ಸಿಗುತ್ತದೆ. ಕೆಳಗಿನ ಹಂತಗಳನ್ನು ಇದೇ ಲೆಕ್ಕದಲ್ಲಿ ಜೋಡಿಸಿದ್ದೇನೆ. ಅರ್ಜಿ ಬರೆಯುವುದು ಆರನೇ ಹಂತ. ಬಹಳ ಜನ ಅಲ್ಲಿಂದಲೇ ಶುರು ಮಾಡುತ್ತಾರೆ, ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ.

## ಮೊದಲು ಕೈಗೆ ಇಟ್ಟುಕೊಳ್ಳಬೇಕಾದ ಸಾಮಾನು

ಒಂದು ಬಾಕ್ಸ್ ಫೈಲ್. ನೂರು ಅಡಿಯ ಅಳತೆ ಟೇಪು. ಪುಟಕ್ಕೆ ನಂಬರ್ ಹಾಕಿದ ನಡಾವಳಿ ಪುಸ್ತಕ. ವೋಚರ್ ಪುಸ್ತಕ, ಸಂಘದ ಸೀಲು, ನಾಲ್ಕಾರು ರೆವಿನ್ಯೂ ಸ್ಟಾಂಪು. ಫೋಟೋದ ಮೇಲೆ ತಾರೀಖು ಮತ್ತು ಜಾಗ ಬರುವ ಹಾಗೆ ಫೋನಿನ ಕ್ಯಾಮೆರಾ ಸೆಟ್ ಮಾಡಿಕೊಳ್ಳಿ. ಜಾಗ ಖಾಲಿ ಇದ್ದಾಗಿನ ಫೋಟೋವನ್ನು ಇವತ್ತೇ ತೆಗೆದಿಡಿ. ಕಸ ಎತ್ತಿ ಹಸನು ಮಾಡಿದ ಮೇಲೆ ಆ ಫೋಟೋ ಮತ್ತೆ ಸಿಗುವುದಿಲ್ಲ, ಕೇಳುವವರು ಮಾತ್ರ ಅದನ್ನೇ ಕೇಳುತ್ತಾರೆ.

## ಹಂತ 1: ಜಾಗ ಯಾರದು ಅನ್ನುವುದಕ್ಕೆ ಕಾಗದ

"ಪಾಲಿಕೆ ಜಾಗ ಸಾರ್, ಎಲ್ಲರಿಗೂ ಗೊತ್ತು" ಅನ್ನುವುದು ಕಾಗದ ಆಗುವುದಿಲ್ಲ. ಆ ಜಾಗ ಪಾಲಿಕೆಯದೋ, ದೂಡಾದ್ದೋ (ನಗರಾಭಿವೃದ್ಧಿ ಪ್ರಾಧಿಕಾರದ್ದೋ), ಶಾಲೆಯದೋ, ಇಲ್ಲಾ ಯಾರೋ ಬೆಂಗಳೂರಿನಲ್ಲಿರುವವರ ಸೈಟೋ ಅನ್ನುವುದನ್ನು ಮೊದಲು ಬಿಡಿಸಿಕೊಳ್ಳಿ. ಬಡಾವಣೆಯ ನಕ್ಷೆಯ ಪ್ರತಿ ತೆಗೆದುಕೊಂಡು, ಅದರಲ್ಲಿ ನಿಮ್ಮ ತುಂಡಿನ ಮೇಲೆ ಏನು ಬರೆದಿದೆ ನೋಡಿ. ಪಾರ್ಕ್, ಸಿಎ ನಿವೇಶನ (ನಾಗರಿಕ ಸೌಲಭ್ಯಕ್ಕೆ ಬಿಟ್ಟ ಜಾಗ), ರಸ್ತೆ, ಬಫರ್ (ಕೆರೆ, ಕಾಲುವೆ ಪಕ್ಕ ಖಾಲಿ ಬಿಡುವ ಪಟ್ಟಿ), ಹೀಗೆ ಏನಾದರೂ ಒಂದು ಬರೆದಿರುತ್ತದೆ.

ಪಾರ್ಕ್ ಅಂತ ಇದ್ದರೆ ಹುಷಾರು. 1985ರ ಕರ್ನಾಟಕ ಉದ್ಯಾನ, ಆಟದ ಮೈದಾನ ಮತ್ತು ತೆರೆದ ಜಾಗಗಳ ಕಾಯ್ದೆ ಪ್ರಕಾರ ಅಂಥ ಜಾಗವನ್ನು ಮಾರುವುದಾಗಲಿ ಗುತ್ತಿಗೆಗೆ ಕೊಡುವುದಾಗಲಿ ಆಗುವುದಿಲ್ಲ. ನಮ್ಮ ಮೊದಲ ಪತ್ರದಲ್ಲಿ "ಐದು ವರ್ಷ ಗುತ್ತಿಗೆಗೆ ಕೊಡಿ" ಎಂದು ಬರೆದಿದ್ದೆವು. ಫೈಲು ಕಾನೂನು ವಿಭಾಗಕ್ಕೆ ಹೋಗಿ ಅಲ್ಲೇ ಮಲಗಿತು. ಎರಡನೇ ಪತ್ರದಲ್ಲಿ ಗುತ್ತಿಗೆಯ ಮಾತೇ ಎತ್ತಲಿಲ್ಲ. "ಉದ್ಯಾನದ ಈಶಾನ್ಯ ಮೂಲೆಯ ನಿರ್ವಹಣೆಯನ್ನು ಸಂಘಕ್ಕೆ ವಹಿಸಿ, ಸೊಪ್ಪು ಮತ್ತು ಹಣ್ಣಿನ ಗಿಡ ಬೆಳೆಸಲು ಅನುಮತಿ ನೀಡಿ" ಎಂದು ಕೇಳಿದೆವು. ಜಾಗ ಅದೇ, ಜನ ಅವರೇ. ಈ ಸಾರಿ ಫೈಲು ತೋಟಗಾರಿಕೆ ನೋಡುವ ಮೇಜಿಗೆ ಹೋಯಿತು.

ಸಿಎ ನಿವೇಶನಗಳನ್ನು ದೂಡಾ ನೋಂದಣಿಯಾದ ಸಂಸ್ಥೆಗಳಿಗೆ ಗುತ್ತಿಗೆಗೆ ಕೊಡುತ್ತದೆ. ಆದರೆ ಅದಕ್ಕೆ ಹಣ ಕಟ್ಟಬೇಕು. ಹೊಸ ಸಂಘಕ್ಕೆ ಅದು ಭಾರ, ಸದ್ಯಕ್ಕೆ ಬಿಡಿ.

ಸರ್ಕಾರಿ ಶಾಲೆಯ ಹಿತ್ತಲು ಸಿಕ್ಕರೆ ಅದು ಎಲ್ಲಕ್ಕಿಂತ ಸುಲಭ. ಕಾಂಪೌಂಡ್ ಇರುತ್ತದೆ, ನೀರು ಇರುತ್ತದೆ, ಬೆಳೆದದ್ದು ಬಿಸಿಯೂಟಕ್ಕೆ ಹೋಗುತ್ತದೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯ ನಿರ್ಣಯ, ಮುಖ್ಯ ಶಿಕ್ಷಕರ ಪತ್ರ, ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಗೆ ಒಂದು ಪ್ರತಿ, ಈ ಮೂರು ಇರಲಿ. ಅಂಗನವಾಡಿ ಆದರೆ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಯ ಒಪ್ಪಿಗೆ.

ಖಾಸಗಿ ಸೈಟ್ ಆದರೆ ಮಾಲೀಕರ ಖಾತಾ ಪ್ರತಿ ಮತ್ತು ಛಾಪಾ ಕಾಗದದ ಮೇಲೆ ಒಪ್ಪಿಗೆ ಪತ್ರ ಬೇಕು. ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯ ಗುತ್ತಿಗೆಯನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿ ಮಾಡಿಸಲೇಬೇಕು. ಅದಕ್ಕೇ ಎಲ್ಲರೂ 11 ತಿಂಗಳ ಕರಾರು ಮಾಡಿಕೊಳ್ಳುವುದು. ಆದರೆ ಮೂರು ವರ್ಷದ ಯೋಜನೆಗೆ ದುಡ್ಡು ಕೊಡುವವರು 11 ತಿಂಗಳ ಕರಾರು ನೋಡಿ "ಆಮೇಲೆ ಏನು ಮಾಡ್ತೀರಿ?" ಅಂತ ಕೇಳುತ್ತಾರೆ. ಮೊದಲೇ ಮಾಲೀಕರ ಜೊತೆ ಕೂತು ಮಾತಾಡಿ.

ಮುಟ್ಟಬಾರದ ಜಾಗಗಳೂ ಇವೆ. ಹೈಟೆನ್ಷನ್ ತಂತಿಯ ಕೆಳಗಿನದು, ರಾಜಕಾಲುವೆಯ ಪಕ್ಕದ್ದು, ಕೆರೆ ಅಂಗಳ, ಕೋರ್ಟಿನಲ್ಲಿರುವುದು. ಹಳೇ ಗ್ಯಾರೇಜ್, ಬ್ಯಾಟರಿ ಅಂಗಡಿ ಇದ್ದ ಜಾಗವನ್ನೂ ಬಿಟ್ಟುಬಿಡಿ. ಆ ಮಣ್ಣಿನ ಸೀಸ ಸೊಪ್ಪಿನ ಜೊತೆ ಊಟಕ್ಕೆ ಬರಬಹುದು.

## ಹಂತ 2: ಯಾರ ಹೆಸರಿನಲ್ಲಿ ಕೇಳುತ್ತೀರಿ

ಇಲ್ಲಿ ನಾಲ್ಕು ದಾರಿ ಇವೆ. ಸ್ವಸಹಾಯ ಸಂಘ, ಹತ್ತಾರು ಸಂಘ ಸೇರಿದ ಪ್ರದೇಶ ಮಟ್ಟದ ಒಕ್ಕೂಟ, 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾದ ಸಂಘ, ಇಲ್ಲವೇ ಟ್ರಸ್ಟ್. ನೋಂದಾಯಿತ ಸಂಘಕ್ಕೆ ಕನಿಷ್ಠ ಏಳು ಜನ ಬೇಕು.

ಹತ್ತು ಹದಿನೈದು ಹೆಂಗಸರು ಸೇರಿ ನಾಲ್ಕು ಗುಂಟೆ ಮಾಡುವುದಾದರೆ ಹೊಸ ಟ್ರಸ್ಟ್ ಕಟ್ಟಬೇಡಿ. ಇದು ನನ್ನ ಖಡಾಖಂಡಿತ ಅಭಿಪ್ರಾಯ. ಪ್ಯಾನ್, ವರ್ಷ ವರ್ಷ ಆಡಿಟ್, ಆದಾಯ ತೆರಿಗೆಯ 12ಎ, 80ಜಿ ನೋಂದಣಿ (ಸಂಸ್ಥೆಗೂ ದಾನ ಕೊಡುವವರಿಗೂ ತೆರಿಗೆ ವಿನಾಯಿತಿಗೆ) ಅಂತ ಒಂದು ವರ್ಷ ಅದರಲ್ಲೇ ಹೋಗುತ್ತದೆ. ಇರುವ ಸ್ವಸಹಾಯ ಸಂಘವನ್ನೇ ಗಟ್ಟಿ ಮಾಡಿ. ವಾರದ ಸಭೆ, ಉಳಿತಾಯ, ಒಳಸಾಲ, ಮರುಪಾವತಿ, ಪುಸ್ತಕ, ಈ ಪಂಚಸೂತ್ರ ಸರಿ ಇದ್ದರೆ ಬ್ಯಾಂಕಿನವರೂ ಪಾಲಿಕೆಯವರೂ ಮಾತಿಗೆ ಸಿಗುತ್ತಾರೆ.

ಜಾಸ್ತಿ ಅರ್ಜಿಗಳು ಬೀಳುವುದು ಹೆಸರಿನಲ್ಲಿ. ನಮ್ಮ ಪಕ್ಕದ ಓಣಿಯ ಸಂಘಕ್ಕೆ ನಡಾವಳಿಯಲ್ಲಿ ಒಂದು ಹೆಸರು, ಸೀಲಿನಲ್ಲಿ ಇನ್ನೊಂದು, ಪಾಸ್‌ಬುಕ್‌ನಲ್ಲಿ ಮತ್ತೊಂದು. "ಶ್ರೀ" ಒಂದು ಕಡೆ ಇತ್ತು, ಎರಡು ಕಡೆ ಇರಲಿಲ್ಲ. ಬ್ಯಾಂಕಿನವರು ಇಂಗ್ಲಿಷಿನಲ್ಲಿ ಟೈಪ್ ಮಾಡುವಾಗ ಒಂದು ಅಕ್ಷರ ನುಂಗಿದ್ದರು. ಮಂಜೂರಾದ ಹಣ ಖಾತೆಗೆ ಹೋಗದೆ ವಾಪಸ್ ಹೋಯಿತು. ಮಾರ್ಚ್ ಕಡೇ ವಾರ ಬೇರೆ. ಆ ವರ್ಷದ ದುಡ್ಡು ಆ ವರ್ಷಕ್ಕೇ ಮುಗಿಯಿತು. ಆದ್ದರಿಂದ ಇವತ್ತೇ ಪಾಸ್‌ಬುಕ್, ನಡಾವಳಿ, ಸೀಲು, ಪ್ಯಾನ್ ಇದ್ದರೆ ಪ್ಯಾನ್, ಎಲ್ಲವನ್ನೂ ಮೇಜಿನ ಮೇಲೆ ಹರಡಿ ಅಕ್ಷರ ಅಕ್ಷರ ಹೋಲಿಸಿ.

ಖಾತೆಗೆ ಇಬ್ಬರ ಜಂಟಿ ಸಹಿ ಇರಲಿ. ಒಬ್ಬರ ಸ್ವಂತ ಖಾತೆಗೆ ದುಡ್ಡು ತರಿಸುವ ಯೋಚನೆ ಬೇಡವೇ ಬೇಡ.

## ಹಂತ 3: ನೀರು ಮತ್ತು ಮಣ್ಣು, ಕಾಗದದ ಮೇಲೆ

ದಾವಣಗೆರೆಗೆ ಕುಡಿಯುವ ನೀರು ಭದ್ರಾ ನಾಲೆಯಿಂದ ಕುಂದವಾಡ ಕೆರೆ, ಟಿ.ವಿ. ಸ್ಟೇಷನ್ ಕೆರೆಗೆ ಬರುತ್ತದೆ, ಹರಿಹರದ ಕಡೆಯ ರಾಜನಹಳ್ಳಿಯಿಂದ ತುಂಗಭದ್ರಾ ನೀರೂ ಬರುತ್ತದೆ. ನಾಲೆ ನಿಂತ ಬೇಸಿಗೆಯಲ್ಲಿ ಮನೆಗಳಿಗೇ ನೀರಿನ ಲೆಕ್ಕ ಶುರುವಾಗುತ್ತದೆ. ಹಾಗಿರುವಾಗ ಅರ್ಜಿಯಲ್ಲಿ "ನಲ್ಲಿ ನೀರು ಬಳಸುತ್ತೇವೆ" ಎಂದು ಬರೆದರೆ ಅಲ್ಲಿಗೆ ಮುಗಿಯಿತು. ಪಕ್ಕದ ಬೋರ್‌ವೆಲ್, ಶಾಲೆಯ ಚಾವಣಿಯ ಮಳೆನೀರು, ಶುದ್ಧ ನೀರಿನ ಘಟಕದಿಂದ ಹೊರಹೋಗುವ ನೀರು, ಯಾವುದು ಅಂತ ಸ್ಪಷ್ಟವಾಗಿ ಬರೆಯಿರಿ. ಘಟಕದ ನೀರಿನಲ್ಲಿ ಉಪ್ಪಿನಂಶ ಜಾಸ್ತಿ ಇರುತ್ತದೆ, ಪರೀಕ್ಷೆ ಮಾಡಿಸದೆ ಸೊಪ್ಪಿಗೆ ಬಿಡಬೇಡಿ.

ಎಷ್ಟು ನೀರು ಬೇಕು? ಬೇಸಿಗೆಯಲ್ಲಿ ಮಡಿಯ ಒಂದು ಚದರ ಮೀಟರಿಗೆ ದಿನಕ್ಕೆ ಸುಮಾರು ಐದು ಲೀಟರ್ ಹಿಡಿಯಿರಿ. ನಾಲ್ಕು ಗುಂಟೆಯಲ್ಲಿ ಮಡಿ ಇನ್ನೂರು ಚದರ ಮೀಟರ್ ಬಂದರೆ ದಿನಕ್ಕೆ ಸಾವಿರ ಲೀಟರ್. ಅಂದರೆ ಒಂದು ಸಾವಿರ ಲೀಟರ್ ಟ್ಯಾಂಕು, ದಿನಕ್ಕೆ ಒಂದು ಸಾರಿ ತುಂಬಬೇಕು. ಈ ಒಂದು ಸಾಲು ಅರ್ಜಿಯಲ್ಲಿದ್ದರೆ ಓದುವವರಿಗೆ ಇವರು ಲೆಕ್ಕ ಹಾಕಿದ್ದಾರೆ ಅನ್ನುವುದು ಗೊತ್ತಾಗುತ್ತದೆ.

ಮಣ್ಣು ಮತ್ತು ನೀರಿನ ಪರೀಕ್ಷೆ ಬಗ್ಗೆ ಇಲ್ಲಿನ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಚಿತ್ರದುರ್ಗ ಕಡೆಯವರಿಗೆ ಹಿರಿಯೂರಿನ ಬಬ್ಬೂರು ಫಾರಂ ಇದೆ. ವರದಿಯ ಪ್ರತಿಯನ್ನು ಅರ್ಜಿಗೆ ಹಚ್ಚಿ. ನಮ್ಮ ಕಪ್ಪು ಮಣ್ಣು ಮಳೆಗೆ ಕೆಸರು, ಬಿಸಿಲಿಗೆ ಬಿರುಕು. ಏರು ಮಡಿ ಮಾಡಿ, ಕೊಟ್ಟಿಗೆ ಗೊಬ್ಬರ ಮತ್ತು ಭತ್ತದ ಹೊಟ್ಟು ಸೇರಿಸಿದರೆ ಹಿಡಿತಕ್ಕೆ ಬರುತ್ತದೆ. ಅಕ್ಕಿ ಗಿರಣಿ, ಮಂಡಕ್ಕಿ ಭಟ್ಟಿ ಇರುವ ಊರಿನಲ್ಲಿ ಹೊಟ್ಟು ಸಿಗುವುದು ಕಷ್ಟವಲ್ಲ. ಬೂದಿ ತರುವುದಾದರೆ ಮಾತ್ರ ಒಲೆಗೆ ಏನು ಹಾಕಿದ್ದರು ಅಂತ ಕೇಳಿ ತನ್ನಿ. ಟೈರು, ಪ್ಲಾಸ್ಟಿಕ್ ಸುಟ್ಟ ಬೂದಿ ತೋಟಕ್ಕೆ ಬೇಡ.

## ಹಂತ 4: ತೋಟವನ್ನು ತುಂಡು ಮಾಡಿ, ತುಂಡಿಗೊಂದು ಜೇಬು ಹುಡುಕಿ

ಒಂದು ಹಾಳೆಯಲ್ಲಿ ಎಡಗಡೆ ಬೇಕಾದ್ದನ್ನೆಲ್ಲ ಬರೆಯಿರಿ. ಬೇಲಿ, ನೀರು, ಮಣ್ಣು, ಬೀಜ, ಸಲಕರಣೆ, ಕೂಲಿ, ಮಾರಾಟದ ಗಾಡಿ. ಬಲಗಡೆ ಆ ದುಡ್ಡು ಯಾರಿಂದ ಬರಬಹುದು ಅಂತ ಬರೆಯಿರಿ. ಈ ಹಾಳೆಗೆ ಎರಡು ದಿನ ಹಿಡಿದರೂ ಪರವಾಗಿಲ್ಲ.

ಪಾಲಿಕೆಯ ಮೀಸಲು ಹಣ. ನಗರ ಸ್ಥಳೀಯ ಸಂಸ್ಥೆಗಳು ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 24.10, ಇತರ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5 ಎಂದು ಹಣ ತೆಗೆದಿಡುತ್ತವೆ. ನಿಮ್ಮ ಸಂಘದಲ್ಲಿ ಇವರು ಇದ್ದರೆ, ಸದಸ್ಯರ ಪಟ್ಟಿಯಲ್ಲಿ ಜಾತಿ, ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ನಂಬರ್ ಸಮೇತ ತೋರಿಸಿ. ಇದು ಪಾಲಿಕೆಯ ಆ ವರ್ಷದ ಕ್ರಿಯಾ ಯೋಜನೆಯಲ್ಲಿ, ಅಂದರೆ ಯಾವ ಹಣ ಯಾವ ಕೆಲಸಕ್ಕೆ ಅನ್ನುವ ಪಟ್ಟಿಯಲ್ಲಿ, ಸೇರಿದರೆ ಮಾತ್ರ ಬರುವ ಹಣ. ಕ್ರಿಯಾ ಯೋಜನೆ ಮುಗಿದ ಮೇಲೆ ಹೋಗಿ ಕೇಳಿದರೆ "ಮುಂದಿನ ವರ್ಷ ಬನ್ನಿ ಅಕ್ಕಾರೆ" ಅನ್ನುತ್ತಾರೆ. ಅದು ಸಬೂಬಲ್ಲ, ನಿಜವೇ.

ಸಂಘಕ್ಕೆ ಸುತ್ತುನಿಧಿ. ಸದಸ್ಯರಿಗೆ ಸಾಲ ಕೊಟ್ಟು, ವಾಪಸ್ ಪಡೆದು, ಮತ್ತೆ ಕೊಡುವ ಹಣ ಇದು. ಕೇಂದ್ರದ ನಗರ ಜೀವನೋಪಾಯದ ಡೇ-ನಲ್ಮ್ ಯೋಜನೆಯಲ್ಲಿ ಅರ್ಹ ಸ್ವಸಹಾಯ ಸಂಘಕ್ಕೆ 10,000 ರೂಪಾಯಿ, ಪ್ರದೇಶ ಮಟ್ಟದ ಒಕ್ಕೂಟಕ್ಕೆ 50,000 ರೂಪಾಯಿ ಸುತ್ತುನಿಧಿ ಇಟ್ಟಿದ್ದರು. ಸಂಘದ ಸದಸ್ಯರಲ್ಲಿ ಶೇ 70ರಷ್ಟು ನಗರದ ಬಡವರಿರಬೇಕು ಎಂಬುದು ಅದರ ನಿಯಮವಾಗಿತ್ತು. ನಗರ ಜೀವನೋಪಾಯದ ಯೋಜನೆಗಳು ಹೆಸರು ಬದಲಿಸುತ್ತಾ ಇರುತ್ತವೆ. ಈಗ ಯಾವ ಹೆಸರಿನಲ್ಲಿ, ಎಷ್ಟು ಅಂತ ಪಾಲಿಕೆಯ ಸಮುದಾಯ ಸಂಘಟಕರ ಹತ್ತಿರ ಕೇಳಿಯೇ ಬರೆಯಿರಿ. ಹಳೇ ಹೆಸರಿನ ಅರ್ಜಿ ನಮೂನೆಯನ್ನು ಝೆರಾಕ್ಸ್ ಅಂಗಡಿಯಲ್ಲಿ ಇನ್ನೂ ಮಾರುತ್ತಿರುತ್ತಾರೆ, ಹುಷಾರು.

ಶಾಸಕರ, ಸಂಸದರ ನಿಧಿ. ಸಂಸದರಿಗೆ ವರ್ಷಕ್ಕೆ 5 ಕೋಟಿ, ನಮ್ಮ ರಾಜ್ಯದ ಶಾಸಕರಿಗೆ 2 ಕೋಟಿ ಅಂತ ಪ್ರದೇಶಾಭಿವೃದ್ಧಿ ನಿಧಿ ಇದೆ. ಇದು ಬಾಳಿಕೆ ಬರುವ ಸಮುದಾಯದ ಆಸ್ತಿಗೆ. ಬೋರ್‌ವೆಲ್, ಕಾಂಪೌಂಡ್, ಶೆಡ್ ಕೇಳಬಹುದು. ಬೀಜ, ಗೊಬ್ಬರ, ಕೂಲಿ ಕೇಳಿದರೆ ತೆಗೆದುಹಾಕುತ್ತಾರೆ. ಇನ್ನೊಂದು ಮಾತು. ಈ ದುಡ್ಡು ನಿಮ್ಮ ಖಾತೆಗೆ ಬರುವುದಿಲ್ಲ. ಶಿಫಾರಸು ಜಿಲ್ಲಾಡಳಿತಕ್ಕೆ ಹೋಗಿ, ಅಂದಾಜು ಪಟ್ಟಿಯಾಗಿ, ಯಾವುದಾದರೂ ಸರ್ಕಾರಿ ಅನುಷ್ಠಾನ ಸಂಸ್ಥೆ ಕೆಲಸ ಮಾಡಿಕೊಡುತ್ತದೆ. ಆಗುವ ಆಸ್ತಿ ಸಾರ್ವಜನಿಕರದು.

ಶಾಲೆ ಮತ್ತು ಅಂಗನವಾಡಿ. ಪಿಎಂ ಪೋಷಣ್ (ಬಿಸಿಯೂಟ ಯೋಜನೆ) ಅಡಿ ಶಾಲಾ ಪೌಷ್ಟಿಕ ಕೈತೋಟಕ್ಕೆ ಸರಾಸರಿ 5,000 ರೂಪಾಯಿ ಲೆಕ್ಕ ಇಟ್ಟಿದ್ದಾರೆ. ಸಣ್ಣ ಮೊತ್ತ ನಿಜ. ಆದರೆ ಬೀಜ, ಗುದ್ದಲಿ, ಬಕೆಟ್ಟಿಗೆ ಅದು ಸಾಕು. ಶಾಲೆಯ ಜೊತೆ ಇದ್ದೀರಿ ಅನ್ನುವ ಪತ್ರವಂತೂ ಮುಂದಿನ ಎಲ್ಲಾ ಅರ್ಜಿಗೂ ಆಧಾರ.

ತೋಟಗಾರಿಕೆ ಇಲಾಖೆ. ಎಲ್ಲರೂ ಮೊದಲು ಓಡುವುದು ಇಲ್ಲಿಗೇ, ಬರಿಗೈಯಲ್ಲಿ ವಾಪಸ್ ಬರುವುದೂ ಇಲ್ಲಿಂದಲೇ. ಹನಿ ನೀರಾವರಿ ಸಹಾಯಧನಕ್ಕೆ ಪಹಣಿ ಬೇಕು, ರೈತರ ನೋಂದಣಿಯ ಫ್ರೂಟ್ಸ್ ತಂತ್ರಾಂಶದ ಎಫ್‌ಐಡಿ (ರೈತರ ಗುರುತಿನ) ನಂಬರ್ ಬೇಕು. ಎಫ್‌ಐಡಿ ಆಗುವುದು ಪಹಣಿ ಇರುವ ರೈತರಿಗೆ. ಪಾಲಿಕೆ ಪಾರ್ಕಿನ ಮೂಲೆಗೆ ಪಹಣಿ ಎಲ್ಲಿಂದ ತರುತ್ತೀರಿ? ಇಲಾಖೆಯಲ್ಲಿ ಸಹಾಯಧನದ ಬದಲು ತರಬೇತಿ ಕೇಳಿ, ಅಧಿಕಾರಿಗಳ ಭೇಟಿ ಕೇಳಿ, ಇಲಾಖೆಯ ನರ್ಸರಿಯ ಸಸಿ ಕೇಳಿ. ನುಗ್ಗೆ, ಕರಿಬೇವು, ಪಪ್ಪಾಯ ಹಾಕುವುದಕ್ಕೆ ಇಷ್ಟು ಸಾಕು.

ಕಂಪನಿಗಳ ಸಿಎಸ್‌ಆರ್. 2013ರ ಕಂಪನಿ ಕಾಯ್ದೆಯ 135ನೇ ಕಲಮಿನ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2ನ್ನು ಸಮಾಜದ ಕೆಲಸಕ್ಕೆ ಇಡಬೇಕು. ಹಸಿವು, ಅಪೌಷ್ಟಿಕತೆ ಅದರ ಪಟ್ಟಿಯಲ್ಲೇ ಇದೆ. ಆದರೆ ಹಣ ಪಡೆಯುವ ಟ್ರಸ್ಟ್ ಅಥವಾ ಸಂಘಕ್ಕೆ ಸಿಎಸ್‌ಆರ್-1 ನೋಂದಣಿ (ಈ ಹಣ ಪಡೆಯಲು ಕೇಂದ್ರ ಸರ್ಕಾರದಲ್ಲಿ ಮಾಡಿಸುವುದು), 12ಎ, 80ಜಿ, ಮೂರು ವರ್ಷ ಇಂಥ ಕೆಲಸ ಮಾಡಿದ ದಾಖಲೆ, ಇಷ್ಟೂ ಇರಬೇಕು. ನಿನ್ನೆ ಹುಟ್ಟಿದ ಸಂಘಕ್ಕೆ ಇದು ಆಗದ ಮಾತು. ಈಗಾಗಲೇ ಇವೆಲ್ಲ ಇರುವ ಊರಿನ ಸಂಸ್ಥೆಯೊಂದರ ಜೊತೆ ಸೇರಿ ಹೋಗಿ. ಯಾರು ಎಷ್ಟು ಖರ್ಚು ಮಾಡುವುದು, ಸಲಕರಣೆ ಕೊನೆಗೆ ಯಾರದು ಅಂತ ಮೊದಲೇ ಒಪ್ಪಂದ ಬರೆದುಕೊಳ್ಳಿ.

ಬೆಳೆದದ್ದನ್ನು ಪುಡಿ, ಹಪ್ಪಳ ಮಾಡುವುದಾದರೆ. ಪಿಎಂಎಫ್‌ಎಂಇ (ಸಣ್ಣ ಆಹಾರ ತಯಾರಿಕೆ ಘಟಕಗಳ ಕೇಂದ್ರ ಯೋಜನೆ) ಇರುವುದು ಸಂಸ್ಕರಣೆಗೆ, ಬೆಳೆಯುವುದಕ್ಕೆ ಅಲ್ಲ. ಕೇಂದ್ರದಿಂದ ಶೇ 35, ಗರಿಷ್ಠ 10 ಲಕ್ಷ ಸಹಾಯಧನ. ನಮ್ಮ ರಾಜ್ಯ ಅದರ ಮೇಲೆ ಶೇ 15 ಸೇರಿಸಿತು. ಇದು ಬ್ಯಾಂಕ್ ಸಾಲಕ್ಕೆ ಅಂಟಿಕೊಂಡ ಸಹಾಯಧನ. ಸಾಲ ಮಂಜೂರಾಗದೆ ಸಹಾಯಧನ ಬರುವುದಿಲ್ಲ. ಸಂಘದಲ್ಲಿ ಆಹಾರ ತಯಾರಿಸುವ ಸದಸ್ಯರಿಗೆ ತಲಾ 40,000 ರೂಪಾಯಿ ತನಕ ಬೀಜ ಬಂಡವಾಳ ಅಂತಲೂ ಇದೆ. ಹೆಸರು ಕೇಳಿ ಅದು ಬಿತ್ತನೆ ಬೀಜಕ್ಕೆ ಅಂದುಕೊಂಡು ಬಂದವರಿದ್ದಾರೆ! ಅದು ಕೈಬಂಡವಾಳ. ಹೊಸ ಅರ್ಜಿ ತೆಗೆದುಕೊಳ್ಳುತ್ತಿದ್ದಾರಾ ಅಂತ ಜಂಟಿ ಕೃಷಿ ನಿರ್ದೇಶಕರ ಕಚೇರಿಯಲ್ಲಿ ಕೇಳಿಕೊಂಡು ಮುಂದುವರಿಯಿರಿ.

ತಳ್ಳುಗಾಡಿಯಲ್ಲಿ ಮಾರುವ ಸದಸ್ಯರಿಗೆ ಪಿಎಂ ಸ್ವನಿಧಿ ಇದೆ, ಆದರೆ ಅದು ಸಾಲ. ಅನುದಾನದ ಪಟ್ಟಿಯಲ್ಲಿ ಅದನ್ನು ಬರೆಯಬೇಡಿ.

## ಹಂತ 5: ಲೆಕ್ಕ

ಅರ್ಜಿ ಓದುವವರು ಮೊದಲು ಕೊನೇ ಪುಟ ತೆಗೆಯುತ್ತಾರೆ. ಅಲ್ಲಿ ಲೆಕ್ಕ ಇರುತ್ತದೆ.

ನಾಲ್ಕು ಗುಂಟೆ ಚೌಕವಾಗಿದ್ದರೆ ಒಂದು ಬದಿ 66 ಅಡಿ. ಸುತ್ತಳತೆ 264 ಅಡಿ. ಒಂದು ಅರ್ಜಿಯಲ್ಲಿ ನಾಲ್ಕು ಗುಂಟೆ ಜಾಗಕ್ಕೆ 400 ಅಡಿ ಬೇಲಿ ಅಂತ ಇತ್ತು. ಬರೆದವರು ಮೋಸ ಮಾಡಲು ಹೊರಟವರಲ್ಲ, ಹೆಜ್ಜೆ ಹಾಕಿ ಅಳೆದಿದ್ದರು ಅಷ್ಟೇ. ಸಾಹೇಬರು ಪೆನ್ಸಿಲ್ ತೆಗೆದುಕೊಂಡು ಅಂಚಿನಲ್ಲೇ 66ನ್ನು ನಾಲ್ಕರಿಂದ ಗುಣಿಸಿದರು. ಅವತ್ತಿನಿಂದ ಆ ಅರ್ಜಿಯ ಯಾವ ಅಂಕಿಯನ್ನೂ ಅವರು ನಂಬಲಿಲ್ಲ. ಟೇಪು ಹಿಡಿದು ಅಳೆಯಿರಿ.

ಇಳುವರಿಯನ್ನೂ ಹೀಗೇ ಲೆಕ್ಕ ಹಾಕಿ. ನಾಲ್ಕು ಗುಂಟೆ ಅಂದರೆ ಸುಮಾರು 400 ಚದರ ಮೀಟರ್. ದಾರಿ, ಟ್ಯಾಂಕು, ಗೊಬ್ಬರದ ಗುಂಡಿ, ನೆರಳು ಕಳೆದರೆ ಮಡಿಗೆ ಉಳಿಯುವುದು 200. ಚದರ ಮೀಟರಿಗೆ ಒಂದು ಕಿಲೋ ಸೊಪ್ಪು ಹಿಡಿದರೆ ಒಂದು ಸುತ್ತಿಗೆ 200 ಕಿಲೋ. ಮೆಂತ್ಯ, ದಂಟು 25ರಿಂದ 30 ದಿನಕ್ಕೆ ಕೊಯ್ಲಿಗೆ ಬರುತ್ತವೆ. ಮಡಿ ಮತ್ತೆ ಹಸನು ಮಾಡುವ ದಿನ ಸೇರಿಸಿ 40 ದಿನಕ್ಕೆ ಒಂದು ಸುತ್ತು ಎನ್ನಿ. ಅಲ್ಲಿಗೆ ದಿನಕ್ಕೆ 5 ಕಿಲೋ, ವಾರಕ್ಕೆ 35 ಕಿಲೋ. 50 ಮನೆಗೆ ಮನೆಗೆ 400 ಗ್ರಾಂ ಕೊಟ್ಟರೆ ಒಂದು ಹಂಚಿಕೆಗೆ 20 ಕಿಲೋ. ವಾರಕ್ಕೊಂದು ಸಾರಿ ತಪ್ಪದೆ, ಕೆಲವು ವಾರ ಎರಡು ಸಾರಿ ಕೊಡಬಹುದು. "ಇಡೀ ವಾರ್ಡಿನ ಅಪೌಷ್ಟಿಕತೆ ನಿವಾರಣೆ" ಎಂದು ಬರೆಯುವುದಕ್ಕಿಂತ ಈ ಲೆಕ್ಕಕ್ಕೆ ಬೆಲೆ ಜಾಸ್ತಿ.

ಅಂದ ಹಾಗೆ, ರಾಜ್ಯದ ಅಂಕಿಯನ್ನು ವಾರ್ಡಿನ ಅಂಕಿ ಅಂತ ಬರೆಯಬೇಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 47.8ರಷ್ಟು ಜನರಿಗೆ ರಕ್ತಹೀನತೆ ಇತ್ತು. ಇದನ್ನು ಹಾಕಿ, ರಾಜ್ಯದ್ದು ಎಂದೇ ಹಾಕಿ. ಓಣಿಯದು ಬೇಕಿದ್ದರೆ ನೀವೇ 30 ಮನೆಗೆ ಹೋಗಿ, "ಹೋದ ವಾರ ಎಷ್ಟು ದಿನ ಸೊಪ್ಪು ತಂದಿರಿ? ಎಲ್ಲಿಂದ? ಎಷ್ಟು ಕೊಟ್ಟಿರಿ?" ಎಂದು ಮೂರು ಪ್ರಶ್ನೆ ಕೇಳಿ ಬರೆದುಕೊಳ್ಳಿ. ಒಂದು ಭಾನುವಾರದ ಕೆಲಸ.

ಖರ್ಚಿನ ಪಟ್ಟಿ ಹೀಗಿರಬಹುದು, ಇದು ಬರೀ ಮಾದರಿ: ಬೇಲಿ ಮತ್ತು ಗೇಟು 38,000, ಟ್ಯಾಂಕು 7,500, ಹನಿ ಪೈಪು 16,000, ಮಣ್ಣು ಗೊಬ್ಬರ 14,000, ಸಲಕರಣೆ 6,000, ಬೀಜ 3,000, ಫಲಕ 1,500. ಒಟ್ಟು 86,000. ಬೆಲೆಯನ್ನು ಅಂದಾಜಿನಲ್ಲಿ ಹಾಕದೆ ಮೂರು ಅಂಗಡಿಯ ಕೊಟೇಶನ್ ತಂದು ಹಾಕಿ. ಮೂರೂ ಒಂದೇ ಕೈಬರಹದಲ್ಲಿ ಇರಬಾರದು. ನಗಬೇಡಿ, ಅಂಥವೂ ಬರುತ್ತವೆ. ಕೂಡಿದ್ದು ಸರಿ ಇದೆಯಾ ಅಂತ ಇನ್ನೊಬ್ಬರಿಂದ ನೋಡಿಸಿ.

ಕೆಳಗೆ ನಿಮ್ಮ ಪಾಲು ಬರೆಯಿರಿ. 12 ಜನ ಹೆಂಗಸರು 10 ದಿನ ದುಡಿದರೆ 120 ಆಳು. ಅದಕ್ಕೆ ಊರಿನ ಕೂಲಿ ದರ ಹಾಕಿ ಶ್ರಮದಾನ ಎಂದು ತೋರಿಸಿ. ಎರಡನೇ ವರ್ಷ ಬೀಜ ಗೊಬ್ಬರಕ್ಕೆ ದುಡ್ಡು ಎಲ್ಲಿಂದ ಅನ್ನುವುದಕ್ಕೂ ಒಂದು ಸಾಲು ಬೇಕು. ಮೂರರಲ್ಲಿ ಒಂದು ಪಾಲು ಸೊಪ್ಪು ಮಾರಿ ಆ ದುಡ್ಡು ಖಾತೆಗೆ ಹಾಕುತ್ತೇವೆ ಅಂದರೂ ಸಾಕು.

## ಹಂತ 6: ಅರ್ಜಿ ಬರೆಯುವುದು

ಎರಡು ಪುಟ ಸಾಕು. ಒಂದು ಅರ್ಜಿಯಲ್ಲಿ ಒಂದೇ ಬೇಡಿಕೆ. ಬೇಲಿ ಕೇಳುವ ಕಡೆ ಬೀಜ ಕೇಳಬೇಡಿ.

ವಿಷಯದ ಸಾಲಿನಲ್ಲಿ ಕಚೇರಿಗೆ ಗೊತ್ತಿರುವ ಶಬ್ದ ಹಾಕಿ. ನಮ್ಮದು ಹೀಗಿತ್ತು: "ವಿಷಯ: ಸದರಿ ಉದ್ಯಾನದ ನಿರ್ವಹಣೆ ಮತ್ತು ಪೌಷ್ಟಿಕ ಕೈತೋಟಕ್ಕೆ ತಂತಿ ಬೇಲಿ ಅಳವಡಿಸಿಕೊಡುವ ಬಗ್ಗೆ." ಮೊದಲ ಪ್ಯಾರಾದಲ್ಲಿ ಯಾರು, ಎಲ್ಲಿ, ಎಷ್ಟು ಜಾಗ. ಎರಡನೆಯದರಲ್ಲಿ ಏನು ಬೇಕು, ಎಷ್ಟು ಹಣ. ಮೂರನೆಯದರಲ್ಲಿ ಸಂಘ ಏನು ಕೊಡುತ್ತದೆ. ಆಮೇಲೆ ಲಗತ್ತುಗಳ ಪಟ್ಟಿ, ನಂಬರ್ ಹಾಕಿ: ಸಂಘದ ನಿರ್ಣಯ, ಸದಸ್ಯರ ಪಟ್ಟಿ, ಪಾಸ್‌ಬುಕ್ ಮೊದಲ ಪುಟ, ಜಾಗದ ಕಾಗದ, ಕೈನಕ್ಷೆ, ಫೋಟೋ, ಪರೀಕ್ಷೆ ವರದಿ, ಕೊಟೇಶನ್.

ನಿರ್ಣಯದ ತಾರೀಖು ಅರ್ಜಿಯ ತಾರೀಖಿಗಿಂತ ಮೊದಲಿರಬೇಕು. ಹೇಳುವುದಕ್ಕೇ ಸಂಕೋಚ ಆಗುತ್ತದೆ, ಆದರೆ ಈ ತಪ್ಪಿಗೆ ವಾಪಸ್ ಬಂದ ಫೈಲು ನನ್ನ ಕಪಾಟಿನಲ್ಲೇ ಇದೆ.

## ಹಂತ 7: ಕೊಡುವುದು, ಬೆನ್ನು ಹತ್ತುವುದು

ಅರ್ಜಿಯನ್ನು ಯಾರ ಕೈಗೋ ಕೊಟ್ಟು ಬರಬೇಡಿ. ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು, ಸ್ವೀಕೃತಿ ಸಂಖ್ಯೆ ಹಾಕಿಸಿಕೊಳ್ಳಿ. ಮುಂದೆ ಎಲ್ಲಿ ಹೋದರೂ ಕೇಳುವುದು ಆ ಸಂಖ್ಯೆಯನ್ನೇ.

ಕಾಲವೂ ಮುಖ್ಯ. ಆರ್ಥಿಕ ವರ್ಷ ಏಪ್ರಿಲ್ 1ಕ್ಕೆ ಶುರು. ಬಜೆಟ್ ಪೂರ್ವ ಸಭೆಗೆ ಸಾರ್ವಜನಿಕರನ್ನು ಕರೆದಾಗ ಹೋಗಿ, ನಿಮ್ಮ ಬೇಡಿಕೆಯನ್ನು ಬರೆದೇ ಕೊಡಿ. ಫೆಬ್ರವರಿಯಲ್ಲಿ ಕೊಟ್ಟ ಹೊಸ ಅರ್ಜಿಗೆ ಅದೇ ವರ್ಷ ಹಣ ಬರುವುದು ಅಪರೂಪ. ಮಳೆಗಾಲಕ್ಕೆ ಬಿತ್ತಬೇಕಿದ್ದರೆ ಹಿಂದಿನ ದೀಪಾವಳಿಗೇ ಕಾಗದದ ಕೆಲಸ ಮುಗಿದಿರಬೇಕು.

ಎರಡು ವಾರಕ್ಕೊಮ್ಮೆ ಹೋಗಿ ಕೇಳಿ. ಇಬ್ಬರು ಹೋದರೆ ಸಾಕು, ಹದಿನೈದು ಜನ ಹೋಗಿ ಗಲಾಟೆ ಎಬ್ಬಿಸಬೇಡಿ. "ಸಾರ್, ನಮ್ಮ ಫೈಲು ಈಗ ಯಾವ ಮೇಜಿನ ಮೇಲಿದೆ?" ಅನ್ನುವುದೇ ಪ್ರಶ್ನೆ. ಮೂರು ತಿಂಗಳಾದರೂ ಉತ್ತರ ಇಲ್ಲದಿದ್ದರೆ ಮಾಹಿತಿ ಹಕ್ಕಿನಡಿ ಕೇಳಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರುವ ಹಾಗಿಲ್ಲ. ಸಿಟ್ಟನ್ನೆಲ್ಲ ಅದರಲ್ಲಿ ತೋಡಿಕೊಂಡರೆ ಪದ ಅಲ್ಲೇ ಮುಗಿದುಹೋಗುತ್ತದೆ. "ಅರ್ಜಿ ಸಂಖ್ಯೆ ಇಂಥದ್ದರ ಕಡತದ ಟಿಪ್ಪಣಿ ಹಾಳೆಯ ಪ್ರತಿ ಕೊಡಿ" ಅಷ್ಟೇ ಬರೆಯಿರಿ.

## ಹಂತ 8: ಹಣ ಬಂದ ದಿನದಿಂದ

ಎರಡನೇ ಕಂತು ತಪ್ಪುವುದು ಇಲ್ಲಿ. ಹಣ ಬಳಕೆ ಪ್ರಮಾಣಪತ್ರ ಕೊಡದೆ ಮುಂದಿನ ಕಂತು ಬರುವುದಿಲ್ಲ. ಅದಕ್ಕೆ ಬಿಲ್ಲು ಬೇಕು.

ಪೈಪು, ಟ್ಯಾಂಕಿಗೆ ಜಿಎಸ್‌ಟಿ ಬಿಲ್ಲು ಸಿಗುತ್ತದೆ, ಚೆಕ್ಕಿನಲ್ಲೇ ಕೊಡಿ. ಕಷ್ಟ ಬರುವುದು ಗೊಬ್ಬರದ್ದು. ಆವರಗೆರೆ ಕಡೆಯಿಂದ ಟ್ರ್ಯಾಕ್ಟರ್‌ನಲ್ಲಿ ಕೊಟ್ಟಿಗೆ ಗೊಬ್ಬರ ತಂದು ಸುರಿದ ರೈತ ಬಿಲ್ಲು ಎಲ್ಲಿಂದ ಕೊಡುತ್ತಾನೆ? ಆಗ ವೋಚರ್ ಬರೆಯಿರಿ. ಅವರ ಹೆಸರು, ಊರು, ಎಷ್ಟು ಲೋಡು, ಎಷ್ಟು ಹಣ, ಟ್ರ್ಯಾಕ್ಟರ್ ನಂಬರ್, ಸಹಿ. 5,000 ರೂಪಾಯಿ ಮೀರಿದರೆ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪ್ ಹಚ್ಚಿ ಅದರ ಮೇಲೆ ಸಹಿ. ಗೊಬ್ಬರ ಇಳಿಸುವಾಗ ಒಂದು ಫೋಟೋ. ಇವನ್ನು ಅವತ್ತೇ ಮಾಡಬೇಕು. ಆರು ತಿಂಗಳ ಮೇಲೆ ಆಡಿಟರ್ ಮುಂದೆ ಕೂತು ನೆನಪು ಮಾಡಿಕೊಂಡು ಬರೆದ ವೋಚರ್ ದೂರದಿಂದಲೇ ಗೊತ್ತಾಗುತ್ತದೆ, ಎಲ್ಲಾ ಒಂದೇ ಪೆನ್ನು, ಒಂದೇ ಶಾಯಿ.

ಬೇಲಿಗೆ ಬಂದ ದುಡ್ಡನ್ನು ಬೀಜಕ್ಕೆ ಹಾಕಬೇಡಿ. ಉಳಿದರೆ ಪತ್ರ ಬರೆದು ಅನುಮತಿ ಕೇಳಿ. ಕೊಡುವವರು ಬೇರೆ ಬೇರೆ ಇದ್ದರೆ ಒಂದೇ ಬಿಲ್ಲನ್ನು ಎರಡು ಕಡೆ ತೋರಿಸುವ ಆಸೆ ಬರುತ್ತದೆ. ಒಂದು ಸಾರಿ ಸಿಕ್ಕಿಬಿದ್ದರೆ ಸಂಘದ ಹೆಸರು ಎಲ್ಲ ಕಡೆಯೂ ಹೋಯಿತು.

ಹಂಚಿದ ಸೊಪ್ಪಿಗೂ ಪುಸ್ತಕ ಇಡಿ. ತಾರೀಖು, ಮನೆ, ಎಷ್ಟು ಕಿಲೋ, ಸಹಿ. ಅಂಗನವಾಡಿಗೆ ಕೊಟ್ಟ ದಿನ ಕಾರ್ಯಕರ್ತೆಯ ಸಹಿ.

## ಇವು ಕಂಡರೆ ನಿಲ್ಲಿ

"ಅನುದಾನ ಮಂಜೂರಾಗಿದೆ, ಪ್ರೊಸೆಸಿಂಗ್ ಫೀ ಕಳಿಸಿ" ಎಂದು ಫೋನ್ ಬಂದರೆ ಇಟ್ಟುಬಿಡಿ. ಒಟಿಪಿ ಕೇಳಿದರಂತೂ ಮಾತೇ ಬೇಡ.

"ನಾನು ಮಾಡಿಸಿಕೊಡ್ತೀನಿ, ಬಂದಿದ್ದರಲ್ಲಿ ಇಷ್ಟು ಪರ್ಸೆಂಟ್ ಕೊಡಿ" ಎನ್ನುವವರು ಕಚೇರಿ ಹೊರಗಿನ ಚಹಾದಂಗಡಿಯಲ್ಲೇ ಸಿಗುತ್ತಾರೆ. ಆ ಪರ್ಸೆಂಟಿಗೆ ಬಿಲ್ಲು ಇರುವುದಿಲ್ಲ. ಅಂದರೆ ಇನ್ನೊಂದು ಬಿಲ್ಲನ್ನು ಊದಿಸಬೇಕು. ಲೆಕ್ಕ ಕೊಡುವಾಗ ಸಹಿ ಹಾಕುವವರು ನೀವು, ಅವರಲ್ಲ.

ಖಾಲಿ ಚೆಕ್ಕು, ಖಾಲಿ ಲೆಟರ್‌ಹೆಡ್‌ಗೆ ಸಹಿ ಕೇಳಿದರೂ ಅಷ್ಟೇ.

ಕೊನೆಯದಾಗಿ, ಅಮೆರಿಕದಲ್ಲಿರುವ ಅಕ್ಕನ ಮಗ "ನಾನೇ ಕಳಿಸ್ತೀನಿ ಬಿಡಿ ಚಿಕ್ಕಮ್ಮ, ಇಷ್ಟೆಲ್ಲ ಯಾಕೆ ಒದ್ದಾಡ್ತೀರಿ" ಅಂದರೆ ಮೊದಲು ಅವನ ಪಾಸ್‌ಪೋರ್ಟ್ ಯಾವ ದೇಶದ್ದು ಎಂದು ಕೇಳಿ. ಭಾರತದ ಪಾಸ್‌ಪೋರ್ಟ್ ಇದ್ದು ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ವಂತಿಗೆ ಆಗುವುದಿಲ್ಲ. ಅಲ್ಲಿನ ಪೌರತ್ವ ತೆಗೆದುಕೊಂಡಿದ್ದರೆ, ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ, ಅದು ವಿದೇಶಿ ವಂತಿಗೆಯೇ. ಎಫ್‌ಸಿಆರ್‌ಎ (ವಿದೇಶಿ ವಂತಿಗೆ ಕಾಯ್ದೆ) ನೋಂದಣಿ ಇಲ್ಲದ ಸಂಘ ಅದನ್ನು ಮುಟ್ಟುವ ಹಾಗಿಲ್ಲ. ಅವನು ಊರಿಗೆ ಬಂದಾಗ ಒಂದು ದಿನ ಗುದ್ದಲಿ ಹಿಡಿಯಲಿ, ಅದಕ್ಕೆ ಯಾವ ನೋಂದಣಿಯೂ ಬೇಡ.